ಅದಿರು ಲಾರಿ ಓಡುವ ಊರು: ರಸ್ತೆಗೆ ನೀರು ಹೊಡೆದರೆ ಸಾಕೇ?

ಪ್ರಶ್ನೆ: ಸಂಡೂರು ತಾಲ್ಲೂಕಿನ ನಮ್ಮೂರ ಮೇಲೆ ಅದಿರು ಲಾರಿಗಳು ಓಡುತ್ತವೆ. ಡಾಂಬರು ಹಾಕಿದ ಎರಡೇ ವರ್ಷಕ್ಕೆ ರಸ್ತೆ ಕಿತ್ತುಹೋಗಿದೆ, ಮೆಣಸಿನಕಾಯಿ ಹೊಲ ಕೆಂಪಾಗಿದೆ. ಕೇಳಿದರೆ ‘ಟ್ಯಾಂಕರಿನಲ್ಲಿ ನೀರು ಹೊಡೆಸುತ್ತಿದ್ದೇವಲ್ಲ’ ಅನ್ನುತ್ತಾರೆ. ನಾವು ಏನು ಕೇಳಬೇಕು?

ಉತ್ತರ: ಮೊದಲು ತೂಕದ ಲೆಕ್ಕ ಕೇಳಿ. ಗುಂಡಿಗೂ ಧೂಳಿಗೂ ದೊಡ್ಡ ಕಾರಣ ಅದೇ.

ರಸ್ತೆ ವಿನ್ಯಾಸ ಮಾಡುವವರು 8.16 ಟನ್ ಭಾರವನ್ನು ಒಂದು ಮಾನಕ ಆಕ್ಸಲ್ (ಎರಡೂ ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚು) ಎಂದು ಹಿಡಿಯುತ್ತಾರೆ. ಆಕ್ಸಲ್ ಭಾರ ಏರಿದಂತೆ ಹಾನಿ ಸರಿಸುಮಾರು ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ, ಅಂದರೆ ಭಾರ ಎರಡರಷ್ಟಾದರೆ ಹಾನಿ ಹದಿನಾರರಷ್ಟು. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಆಕ್ಸಲ್ಲಿನ ಮಿತಿಯನ್ನು 10.2ರಿಂದ 11.5 ಟನ್ನಿಗೆ ಏರಿಸಿತು. ಅಲ್ಲಿಗೆ ಕಾನೂನಿನೊಳಗೇ ಓಡುವ ಒಂದು ಆಕ್ಸಲ್ ನಾಲ್ಕು ಮಾನಕ ಆಕ್ಸಲ್‌ಗಳಷ್ಟು ರಸ್ತೆ ಸವೆಸುತ್ತದೆ. ಅದೇ ಆಕ್ಸಲ್ ಮೇಲೆ ಒಟ್ಟು 15 ಟನ್ ಬಿದ್ದರೆ ಹನ್ನೊಂದರಷ್ಟು! ಸಾಗಣೆ ಬಾಡಿಗೆಯಲ್ಲಿ ಈ ಖರ್ಚು ಸೇರಿರುವುದಿಲ್ಲ, ನಿಮ್ಮೂರು ಹೊರುತ್ತಿದೆ. ಇದು ಅನ್ಯಾಯ.

ಓವರ್‌ಲೋಡನ್ನು ಕಣ್ಣಳತೆಯಲ್ಲೇ ಗುರುತಿಸಬಹುದು. ಹತ್ತು ಚಕ್ರದ ಟಿಪ್ಪರಿನ ಒಟ್ಟು ತೂಕದ ಮಿತಿ 28.5 ಟನ್. ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದು 17–18 ಟನ್. ಕಬ್ಬಿಣದ ಅದಿರಿನ ಪುಡಿ ಘನ ಮೀಟರಿಗೆ ಎರಡೂವರೆ ಟನ್ ಆಸುಪಾಸು ತೂಗುವುದರಿಂದ ಏಳು ಘನ ಮೀಟರಿಗೇ ಲೋಡ್ ಮುಗಿಯಿತು. ಜಲ್ಲಿ, ಮರಳಿಗೆಂದು ಮಾಡಿದ ಬಾಡಿ ಇದರ ಎರಡರಷ್ಟಿರುತ್ತದೆ. ಹಾಗಾಗಿ ಅದಿರು ಬಾಡಿಯ ಅಂಚಿಗೆ ಬಂದಿದೆ ಎಂದರೆ ಅನುಮಾನವೇ ಬೇಡ.

ಇನ್ನು ನೀರು. ಬೇಸಿಗೆಯಲ್ಲಿ ಹೊಡೆದ ನೀರು ಬೇಗ ಆರಿ ಧೂಳು ಮತ್ತೆ ಏಳುತ್ತದೆ. ಜಾಸ್ತಿ ಹೊಡೆದರೆ ಬಿರುಕಿನಲ್ಲಿ ಇಳಿದು ಡಾಂಬರಿನ ಕೆಳಗಿನ ಜಲ್ಲಿ ಪದರ ಸಡಿಲವಾಗುತ್ತದೆ, ಮುಂದಿನ ಲಾರಿಯ ಚಕ್ರ ಆ ಕೆಸರನ್ನು ಮೇಲಕ್ಕೆ ಚಿಮ್ಮಿಸುತ್ತದೆ. ರಸ್ತೆ ಮೇಲಿನ ಪುಡಿಯನ್ನು ಮೊದಲು ಗುಡಿಸಿ ಎತ್ತಬೇಕು, ಆಮೇಲೆ ತೆಳುವಾಗಿ ನೀರು. ಗಣಿ ಗೇಟಿನಲ್ಲೇ ಚಕ್ರ ತೊಳೆಯುವ ವ್ಯವಸ್ಥೆ ಇರಬೇಕು. ಟಾರ್ಪಾಲಿನ್ ಮೇಲ್ಭಾಗವನ್ನಷ್ಟೇ ಮುಚ್ಚುತ್ತದೆ. ಪುಡಿ ಸೋರುವುದು ಹಿಂಬಾಗಿಲ ಸಂದಿಯಿಂದ, ಅಲ್ಲಿ ರಬ್ಬರ್ ಪಟ್ಟಿ ಹಾಕಿಸಿ ಎಂದು ಒತ್ತಾಯಿಸಿ.

ದೂರು ಕೊಡುವಾಗ ಲಾರಿ ನಂಬರು, ದಿನಾಂಕ, ಸಮಯ, ಬಾಡಿ ಕಾಣುವ ಫೋಟೊ ಇರಲಿ. ಆರ್‌ಟಿಒಗೂ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಒಟ್ಟಿಗೇ ಕೊಡಿ, ಅದಿರು ಸಾಗಣೆ ಪರ್ಮಿಟ್ಟಿನ ತೂಕವನ್ನು ವೇಬ್ರಿಜ್ (ಲಾರಿ ತೂಗುವ ಕಾಟಾ) ಚೀಟಿಯ ಜೊತೆ ತಾಳೆ ನೋಡಲು ಕೇಳಿ. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಹೆಚ್ಚುವರಿ ಟನ್ ಒಂದಕ್ಕೆ ಇನ್ನೂ 2,000 ರೂಪಾಯಿ ದಂಡವಿದೆ. ಹೆಚ್ಚುವರಿ ಲೋಡ್ ಇಳಿಸದೆ ಗಾಡಿ ಬಿಡುವಂತಿಲ್ಲ. ದಂಡ ಕಟ್ಟಿಸಿಕೊಂಡು ಹಾಗೇ ಕಳಿಸಿದರೆ ಅದನ್ನೂ ಬರೆದು ಕೊಡಿ.

ಧೂಳಿನ ಅಳತೆಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಿರಿ. ಪಿಎಂ10 ಕಣಗಳ (10 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ, ಉಸಿರಿನೊಳಗೆ ಹೋಗುವ ಧೂಳು) 24 ಗಂಟೆಯ ಸರಾಸರಿ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ಯಂತ್ರವನ್ನು ರಸ್ತೆ ಪಕ್ಕದ ಶಾಲೆ ಅಥವಾ ಮನೆಯ ಬಳಿ, ಲಾರಿ ಓಡುವ ದಿನವೇ ಇಡಬೇಕು. ಆ ವರದಿ ಕೈಗೆ ಬಂದ ಮೇಲೆ ಗ್ರಾಮಸಭೆಯಲ್ಲಿ ಠರಾವು ಮಾಡಿ, ಜಿಲ್ಲಾ ಖನಿಜ ಪ್ರತಿಷ್ಠಾನದ (ಗಣಿ ಬಾಧಿತ ಊರುಗಳಿಗೆಂದು ಗಣಿಯವರಿಂದ ಸಂಗ್ರಹಿಸುವ ನಿಧಿ) ಹಣದಲ್ಲಿ ಊರಿನ ಹೊರಗೆ ಬೈಪಾಸ್ ರಸ್ತೆ ಕೇಳಿ.