ಮಾನ್ಸ್‌ನ ದೇವದೂತರು: ಸಂಪಾದಕರ ಉತ್ತರ

"ಹೋದ ಸಂಚಿಕೆಲಿ ಆರ್ಥರ್ ಮ್ಯಾಕೆನ್ ಬಗ್ಗೆ ಬರೀತಾ ಮಾನ್ಸ್ ಯುದ್ಧದಲ್ಲಿ ಬ್ರಿಟಿಷ್ ಸೈನಿಕರನ್ನ ಕಾಪಾಡಿದ ದೇವದೂತರು ಬರೀ ಕಟ್ಟುಕತೆ ಅಂದ್ಬಿಟ್ರಿ, ಸೈನಿಕರು ಕಣ್ಣಾರೆ ನೋಡಿದ್ದು ಸುಳ್ಳಾ?" ಅಂತ ಕೇಳಿದೀರಿ. ಸರ್, ಕಟ್ಟುಕತೆ ಅಂದಿದ್ದು ನಾನಲ್ಲ, ಆ ಕತೆ ಬರೆದ ಮ್ಯಾಕೆನ್ನೇ.

ಮೊದಲ ಮಹಾಯುದ್ಧದ ಶುರುವಲ್ಲಿ, 1914ರ ಆಗಸ್ಟ್‌ನಲ್ಲಿ, ಜರ್ಮನ್ನರ ಎದುರು ಬ್ರಿಟಿಷ್ ಸೈನ್ಯ ಬೆಲ್ಜಿಯಂನ ಮಾನ್ಸ್‌ನಿಂದ ಹಿಂದೆ ಸರೀತು. ಆಗ ಲಂಡನ್ನಿನ ಈವ್ನಿಂಗ್ ನ್ಯೂಸ್ ಪತ್ರಿಕೆಲಿ ಕೆಲ್ಸಕ್ಕಿದ್ದ ಮ್ಯಾಕೆನ್ ಸೆಪ್ಟೆಂಬರ್ 29ಕ್ಕೆ 'ದಿ ಬೋಮೆನ್' (ಬಿಲ್ಲುಗಾರರು) ಅಂತ ಒಂದು ಪುಟ್ಟ ಕತೆ ಹಾಕಿದ. ಅದರಲ್ಲಿ ಇನ್ನೇನು ಸತ್ವಿ ಅನ್ನೋ ಹೊತ್ತಲ್ಲಿ ಒಬ್ಬ ಸೈನಿಕಂಗೆ ನೆನಪಾಗೋದು ಏನು ಗೊತ್ತಾ, ಲಂಡನ್ನಿನ ಒಂದು ವೆಜಿಟೇರಿಯನ್ ಹೋಟ್ಲಿನ ತಟ್ಟೆ! ಅದರ ಮೇಲೆ ನೀಲಿ ಬಣ್ಣದಲ್ಲಿ ಇಂಗ್ಲೆಂಡಿನ ಕಾವಲು ಸಂತ ಸೇಂಟ್ ಜಾರ್ಜ್ ಚಿತ್ರ, ಜತೆಗೆ ಲ್ಯಾಟಿನ್‌ನಲ್ಲಿ ಒಂದು ಪ್ರಾರ್ಥನೆ. ಅದನ್ನ ಗೊಣಗಿದ್ದೇ ತಡ, 1415ರಲ್ಲಿ ಫ್ರೆಂಚರನ್ನ ಸೋಲಿಸಿದ ಅಜಿನ್‌ಕೋರ್ಟ್ ಯುದ್ಧದ ಇಂಗ್ಲಿಷ್ ಬಿಲ್ಲುಗಾರರು ಬಂದು ಬಾಣದ ಮಳೆ ಸುರಿಸ್ತಾರೆ, ಜರ್ಮನ್ನರು ಮೈಮೇಲೆ ಒಂದು ಗಾಯನೂ ಇಲ್ದೆ ಸತ್ತು ಬೀಳ್ತಾರೆ. ದೇವದೂತರ ಸುಳಿವೇ ಇಲ್ಲ, ಬಿಲ್ಲುಗಾರರಿಗೆ ರೆಕ್ಕೆ ಬಂದಿದ್ದು ಆಮೇಲೆ, ಜನರ ಬಾಯಲ್ಲಿ.

ಒಂದು ಚರ್ಚಿನ ಪತ್ರಿಕೆ ನಡೆಸ್ತಿದ್ದ ಪಾದ್ರಿ ಈ ಕತೆನ ಕಿರುಪುಸ್ತಕ ಮಾಡ್ತೀನಿ, ಮಾಹಿತಿ ಎಲ್ಲಿಂದ ಸಿಕ್ತು ಅಂತ ಮುನ್ನುಡಿ ಬರ್ಕೊಡಿ ಅಂತ ಕೇಳಿದ್ರಂತೆ. ಎಲ್ಲ ನನ್ನ ಕಲ್ಪನೆ ಅಂತ ಮ್ಯಾಕೆನ್ ಉತ್ತರ ಬರೆದ್ರೆ, ಇಲ್ಲ, ನಿಮ್ಗೇ ತಪ್ಪು ತಿಳುವಳಿಕೆ, ಘಟನೆ ನಿಜಾನೇ, ನೀವು ಸ್ವಲ್ಪ ಬಣ್ಣ ಹಚ್ಚಿದೀರಿ ಅಷ್ಟೇ ಅಂತ ವಾಪಸ್ ಕಾಗದ ಬಂತು! ಬರೆದವನ ಮಾತಿಗೇ ಬೆಲೆ ಇಲ್ಲ ಅಂದ್ಮೇಲೆ ನನ್ ಮಾತು ಯಾವ ಲೆಕ್ಕ.

ನಂಗೆ ಬೇಜಾರು ಅಂದ್ರೆ ಇಷ್ಟು ಹೆಸರು ತಂದ ಈ ಕತೆ ಅವನ ಒಳ್ಳೇ ಕತೆನೇ ಅಲ್ಲ. ವೇಲ್ಸ್‌ನ ಕಾರ್ಲಿಯನ್‌ನಲ್ಲಿ 1863ರಲ್ಲಿ ಹುಟ್ಟಿದೋನು, ಪಾದ್ರಿ ಮಗ, ರೋಮನ್ ಸೈನ್ಯ ಬೀಡುಬಿಟ್ಟಿದ್ದ ಊರು ಅದು, ಆ ಮಣ್ಣಡಿ ಹೂತಿದ್ದ ಹಳೇ ಲೋಕನೇ ಅವನ ಕತೆಗಳಲ್ಲಿ ಮತ್ತೆ ಮತ್ತೆ ಮೇಲೆ ಬರುತ್ತೆ. 1894ರ 'ದಿ ಗ್ರೇಟ್ ಗಾಡ್ ಪ್ಯಾನ್'ಗೆ ವಿಮರ್ಶಕರು ಅಸಹ್ಯ ಅಂತ ಬೈದ್ರು. 1897ಕ್ಕೆ ಬರೆದು ಮುಗಿಸಿದ್ದ 'ದಿ ಹಿಲ್ ಆಫ್ ಡ್ರೀಮ್ಸ್' ಪುಸ್ತಕ ಆಗಿದ್ದು 1907ರಲ್ಲಿ. ಮಧ್ಯೆ ಹೆಂಡತಿ ಕ್ಯಾನ್ಸರ್‌ನಲ್ಲಿ ತೀರ್ಕೊಂಡ್ಳು, ಇವನು ನಾಟಕದ ಕಂಪನಿ ಸೇರಿ ಊರೂರು ಸುತ್ತಿದ.

ನೀವು ಅವನ 'ದಿ ವೈಟ್ ಪೀಪಲ್' ಕತೆ ಓದಿ. ಹುಡುಗಿಯೊಬ್ಬಳ ಡೈರಿ, ದಾದಿ ಹೇಳ್ಕೊಟ್ಟ ಆಟ, ಮಂತ್ರ, ಗುಟ್ಟು ಎಲ್ಲಾನೂ ಏನೂ ಅರಿಯದವಳ ಹಾಗೆ ಒಂದೇ ಉಸಿರಲ್ಲಿ ಬರ್ಕೊಂಡು ಹೋಗ್ತಾಳೆ, ನಮ್ಗೆ ಮಾತ್ರ ಮೈ ಜುಂ ಅನ್ನುತ್ತೆ. ಇಂಟರ್ನೆಟ್ಟಲ್ಲಿ ಫ್ರೀಯಾಗಿ ಸಿಗುತ್ತೆ, ಓದಿ ಆಮೇಲೆ ಜಗಳಕ್ಕೆ ಬನ್ನಿ.

– ಸಂ.