ಮಕ್ಕಳನ್ನು ಮನೆಯಲ್ಲೇ ಓದಿಸುವ ಕ್ರೈಸ್ತ ಕುಟುಂಬಗಳು ಧೈರ್ಯ ಹೇಗೆ ಉಳಿಸಿಕೊಳ್ಳುತ್ತವೆ? ಹೊರಗೆ ಎಲ್ಲೆಲ್ಲಿಗೆ ಹೋಗುತ್ತವೆ?

ನೀವು ಬರೆದಿರುವುದು ಇಷ್ಟು: ಬೆಂಗಳೂರಿನಲ್ಲಿದ್ದೀರಿ, ಏಳು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳು, ಜೂನ್‌ನಲ್ಲಿ ಸ್ಕೂಲ್ ಬಿಡಿಸಿದ್ದೀರಿ. ಅತ್ತೆಗೆ ಸಮಾಧಾನವಿಲ್ಲ. ಚರ್ಚ್ ಸಭೆಯಲ್ಲೂ ಜನ ಒಂಥರಾ ನೋಡುತ್ತಾರೆ. ನಿಮಗೆ ಆಗಲೇ ಸುಸ್ತಾಗಿದೆ. ಧೈರ್ಯ ಎಲ್ಲಿಂದ ತರುವುದು, ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಅಂತ ಕೇಳಿದ್ದೀರಿ.

ನಾವೂ ಬೆಂಗಳೂರಿನವರೇ, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಸೇರಿದವರು. ಮಗಳು ಈಗ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಮೂಲಕ ಹತ್ತನೇ ತರಗತಿಗೆ ಓದುತ್ತಿದ್ದಾಳೆ, ಮಗ ಇನ್ನೂ ಚಿಕ್ಕವನು. ನೀವು ಎರಡು ಪ್ರಶ್ನೆ ಕೇಳಿದ್ದೀರಿ, ಆದರೆ ನನಗೆ ಎರಡಕ್ಕೂ ಇರುವುದು ಒಂದೇ ಉತ್ತರ. ಮಕ್ಕಳನ್ನು ಕರೆದುಕೊಂಡು ಹೊರಡಿ, ಇನ್ನೊಂದೆರಡು ಕುಟುಂಬಗಳ ಜೊತೆ ಹೊರಡಿ. ಧೈರ್ಯ ದಾರಿಯಲ್ಲೇ ಬರುತ್ತದೆ. ಇಡೀ ದಿನ ನಾಲ್ಕು ಗೋಡೆಗಳ ನಡುವೆ ಲೆಕ್ಕ, ಕಾಪಿ ರೈಟಿಂಗ್, ಅಡುಗೆ ಅಂತ ಇದ್ದರೆ ಎಂಥವರಿಗೂ ತಾನು ಮಾಡುತ್ತಿರುವುದು ತಪ್ಪೇನೋ ಅನ್ನಿಸುತ್ತದೆ. ಅದೇ ನಿಮ್ಮ ಮಗ ಒಬ್ಬ ಕೆಲಸಗಾರನ ಮುಂದೆ ನಿಂತು ತಾನಾಗೇ ಪ್ರಶ್ನೆ ಕೇಳುವುದನ್ನು ನೋಡಿದರೆ, ಅದಕ್ಕಿಂತ ಜಾಸ್ತಿ ಉತ್ತೇಜನ ಯಾವ ಭಾಷಣದಲ್ಲೂ ಸಿಗುವುದಿಲ್ಲ.

ನಮ್ಮಲ್ಲಿ ಹೋಮ್‌ಸ್ಕೂಲಿಂಗ್ ಅಂದರೆ ಎಲ್ಲರೂ ಬೈಬಲ್‌ನ ಧರ್ಮೋಪದೇಶಕಾಂಡ ಆರನೇ ಅಧ್ಯಾಯ ತೆಗೆಯುತ್ತಾರೆ. ದೇವರ ಮಾತನ್ನು ಮಕ್ಕಳಿಗೆ ಕಲಿಸಿ ಅಂತ ಅಲ್ಲಿದೆ, ಸರಿ. ಆದರೆ ಮನೆಯಲ್ಲಿ ಕೂತಿರುವಾಗ ಅನ್ನುವುದರ ಪಕ್ಕದಲ್ಲೇ ದಾರಿಯಲ್ಲಿ ನಡೆಯುವಾಗಲೂ ಅಂತ ಇದೆಯಲ್ಲ, ಅದನ್ನು ಯಾಕೋ ಎಲ್ಲರೂ ಓದಿ ಮುಂದೆ ಹೋಗಿಬಿಡುತ್ತಾರೆ.

ಮೊದಲು ಭಯದ ವಿಷಯ ಮುಗಿಸೋಣ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅಂತ ಅದರಲ್ಲಿದೆ, ಸೇರಿಸದ ಪೋಷಕರಿಗೆ ಶಿಕ್ಷೆ ಏನೂ ಇಟ್ಟಿಲ್ಲ. ಹೋಮ್‌ಸ್ಕೂಲಿಂಗ್ ಬಗ್ಗೆ ಕಾಯ್ದೆ ಬಾಯಿ ಬಿಡುವುದಿಲ್ಲ. ಮುಂದೆ ಪರೀಕ್ಷೆ ಬೇಕಲ್ವಾ, ಅದಕ್ಕೆ ಎನ್‌ಐಒಎಸ್ ಇದೆ. ಅದು ಕೇಂದ್ರ ಸರ್ಕಾರದ್ದೇ ಮುಕ್ತ ಶಾಲೆ, 14 ತುಂಬಿದ ಮೇಲೆ ಹತ್ತನೇ ತರಗತಿಗೆ ಕಟ್ಟಬಹುದು, ಕನ್ನಡವನ್ನು ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ನಿಮ್ಮ ದೊಡ್ಡ ಮಗುವಿಗೆ ಇನ್ನೂ ನಾಲ್ಕು ವರ್ಷ ಇದೆ. ಈಗಲೇ ನಿದ್ದೆ ಕೆಡಿಸಿಕೊಳ್ಳಬೇಡಿ.

ಇನ್ನು ಅತ್ತೆ. ಅವರ ಜೊತೆ ವಾದ ಮಾಡಬೇಡಿ, ಅವರನ್ನೂ ಕರೆದುಕೊಂಡು ಹೋಗಿ. ನಮ್ಮತ್ತೆಯ ತವರು ಮಂಗಳೂರು, ಅವರ ತಂದೆ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ನಾವು ಸ್ಕೂಲ್ ಬಿಡಿಸಿದಾಗ ಅವರು ನನ್ನ ಜೊತೆ ಸರಿಯಾಗಿ ಮಾತೇ ಆಡುತ್ತಿರಲಿಲ್ಲ. ಮಂಗಳೂರಿಗೆ ಹೊರಟಾಗ ಸುಮ್ನೆ ಜೊತೆಗೆ ಬಂದರು. ಅಲ್ಲಿ ಹೋದ ಮೇಲೆ ಪಾಠ ಮಾಡಿದ್ದೆಲ್ಲ ಅವರೇ. ಮಣ್ಣು ಹೇಗೆ ಬರುತ್ತಿತ್ತು, ಹಸಿ ಹೆಂಚು ಹೇಗೆ ಒಣಗಿಸುತ್ತಿದ್ದರು, ಸಂಬಳದ ದಿನ ತಂದೆ ಏನು ತರುತ್ತಿದ್ದರು, ಎಲ್ಲ. ಅಜ್ಜಿಯ ಮಾತು ಕೇಳಿದ ಮೇಲೆ ಮಕ್ಕಳು ಹೆಂಚಿನ ಮನೆ ಕಂಡಲ್ಲೆಲ್ಲ ಸೂರಿನ ಕೆಳಗೆ ನಿಂತು ಕತ್ತು ಎತ್ತಿ ಹೆಂಚಿನ ಮೇಲಿನ ಕಾರ್ಖಾನೆಯ ಅಚ್ಚು ಹುಡುಕುತ್ತಿದ್ದರು. ಈಗಲೂ ಹೋಮ್‌ಸ್ಕೂಲಿಂಗ್ ಅವರಿಗೆ ಪೂರ್ತಿ ಒಪ್ಪಿಗೆ ಇಲ್ಲ, ಆದರೆ ಮುಂದಿನ ಟ್ರಿಪ್ ಯಾವಾಗ ಅಂತ ಮೊದಲು ಕೇಳುವವರು ಅವರೇ.

ಮಂಗಳೂರಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಕನ್ನಡ ಕ್ರೈಸ್ತ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಊರು ನನಗೆ ಗೊತ್ತಿಲ್ಲ. ಬಾಸೆಲ್ ಮಿಷನ್‌ನವರು, ಅಂದರೆ ಸ್ವಿಟ್ಜರ್‌ಲೆಂಡಿನ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆಯವರು, ಅಲ್ಲಿಗೆ ಬಂದದ್ದು 1834ರಲ್ಲಿ. ಅವರಲ್ಲೊಬ್ಬರಾದ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು, ಈಗಲೂ ಜುಲೈ 1 ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನ. ಅದು ಕಲ್ಲಚ್ಚಿನಲ್ಲಿ ಮುದ್ರಣವಾದದ್ದು. ಇಲ್ಲಿ ವಿಜ್ಞಾನ ಪಾಠವೂ ಸಿಗುತ್ತದೆ: ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆಯುತ್ತಾರೆ, ಆಮೇಲೆ ಕಲ್ಲನ್ನು ಒದ್ದೆ ಮಾಡುತ್ತಾರೆ. ಉರುಳೆಯಿಂದ ಮಸಿ ಹಚ್ಚಿದರೆ ಒದ್ದೆ ಇರುವ ಕಡೆ ಹಿಡಿಯುವುದಿಲ್ಲ, ಅಕ್ಷರದ ಮೇಲೆ ಮಾತ್ರ ಹಿಡಿಯುತ್ತದೆ. ಎಣ್ಣೆ ನೀರಿಗೆ ಸೇರುವುದಿಲ್ಲ ಅನ್ನುವುದರ ಮೇಲೇ ಒಂದು ಪತ್ರಿಕೆ ನಡೆಯಿತು ನೋಡಿ. ಹೋಗುವ ಮುಂಚೆ ಮನೆಯಲ್ಲಿ ಮೇಣದಬತ್ತಿಯಿಂದ ಕಾಗದದ ಮೇಲೆ ಬರೆದು, ಮೇಲೆ ನೀರು ಬಣ್ಣ ಬಳಿಸಿ. ಏಳು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಆಮೇಲೆ ಅದೇ ಮಿಷನ್‌ನ ಫರ್ಡಿನಾಂಡ್ ಕಿಟೆಲ್. 1853ರಲ್ಲಿ ಇಲ್ಲಿಗೆ ಬಂದವರು, ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. ಸುಮಾರು 70,000 ಪದಗಳು. ಆ ನಲವತ್ತು ವರ್ಷದ ಅಂತರವನ್ನು ಮಗಳಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ: ‘ಬೋರ್ ಆಗ್ಲಿಲ್ವಾ ಅವ್ರಿಗೆ?’ ನಿಘಂಟು ಈಗ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅಜ್ಜಿ ಬಳಸುವ ಪದ ಅದರಲ್ಲಿ ಇದೆಯಾ ಇಲ್ಲವಾ ಅಂತ ಹುಡುಕುವುದು ನಮ್ಮ ಮನೆಯಲ್ಲಿ ಆಟವೇ ಆಗಿದೆ. ಗಾದೆಗಳೂ ಸಿಗುತ್ತವೆ. ಮಂಗಳೂರಿಗೆ ಹೋಗಲು ಆಗದಿದ್ದರೆ ಎಂ.ಜಿ. ರಸ್ತೆಯ ಕೊನೆಯಲ್ಲಿ ಕಿಟೆಲ್ ಪ್ರತಿಮೆ ಇದೆ, ಬಿಎಂಟಿಸಿ ಬಸ್ಸಲ್ಲಿ ಹೋಗಿ ಬರಬಹುದು.

ಹೆಂಚಿನ ಕಥೆಯೂ ಅಲ್ಲಿಯದೇ. 1865ರಲ್ಲಿ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮತ ಬದಲಿಸಿದವರನ್ನು ಅವರವರ ಮನೆ, ಜಾತಿ ಹೊರಗೆ ಹಾಕುತ್ತಿತ್ತು, ಅವರಿಗೆ ಹೊಟ್ಟೆಪಾಡು ಬೇಕಿತ್ತು. ಕಾರ್ಖಾನೆ ಬಂದದ್ದಕ್ಕೆ ಅದು ಒಂದು ದೊಡ್ಡ ಕಾರಣ. ಇದನ್ನು ಮಕ್ಕಳಿಗೆ ಮರೆಮಾಚದೆ ಹೇಳಿ. ಮಿಷನರಿಗಳನ್ನು ದೇವದೂತರ ಥರ ತೋರಿಸುವ ಪಾಠಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಮನುಷ್ಯರು ಜ್ವರ ಬಂದು ಮಲಗಿದ್ದು, ಒಬ್ಬರಿಗೊಬ್ಬರು ಜಗಳವಾಡಿದ್ದು ಕೂಡ ಕಥೆಯ ಭಾಗವೇ. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಹಳೆಯ ದಾಖಲೆಗಳ ಸಂಗ್ರಹ ಇದೆ. ಮೊದಲೇ ಪತ್ರ ಬರೆದು ಕೇಳಿಕೊಂಡು ಹೋಗಿ, ಸುಮ್ಮನೆ ಗೇಟಿನ ಮುಂದೆ ಹೋಗಿ ನಿಲ್ಲಬೇಡಿ. ಅದೇ ಊರಲ್ಲಿ ಸೇಂಟ್ ಅಲೋಶಿಯಸ್ ಚಾಪೆಲ್ ಇದೆ, ಗೋಡೆ ಛಾವಣಿ ತುಂಬ ಇಟಲಿಯ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳು, 1900ರ ಆಸುಪಾಸಿನವು. ನಾವು ಪ್ರೊಟೆಸ್ಟೆಂಟರು, ಕಥೋಲಿಕರ ಚಾಪೆಲ್ ಯಾಕೆ ಅಂತ ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಒಳಗೆ ಹೋದ ಮೇಲೆ ಕೊನೆಯಲ್ಲಿ ಹೊರಗೆ ಬಂದವರೂ ಅವರೇ.

ಅದಕ್ಕೇ ಹೇಳುವುದು, ಬರೀ ಚರ್ಚು ಮಿಷನ್ನು ಅಂತ ಸುತ್ತಬೇಡಿ. ಸೋಮನಾಥಪುರಕ್ಕೆ ಹೋಗಿ. ದೇವಸ್ಥಾನ ಅಂತ ಹಿಂಜರಿಯುವವರು ನಮ್ಮಲ್ಲಿದ್ದಾರೆ, ಅವರ ಮನಸ್ಸು ನನಗೆ ಗೊತ್ತು. ಆದರೆ ಅದು ಪುರಾತತ್ವ ಇಲಾಖೆಯ ಸ್ಮಾರಕ, ಪೂಜೆ ನಡೆಯುವುದಿಲ್ಲ. 13ನೇ ಶತಮಾನದ ಹೊಯ್ಸಳ ಕೆಲಸ, ನಕ್ಷತ್ರದ ಆಕಾರದ ಜಗತಿ (ಗುಡಿ ನಿಂತಿರುವ ಕಟ್ಟೆ), ಶಿಲ್ಪಿಗಳು ತಮ್ಮ ಹೆಸರನ್ನೇ ಕೆತ್ತಿ ಹೋಗಿದ್ದಾರೆ. ಮಲ್ಲಿತಮ್ಮನ ಹೆಸರು ಹುಡುಕಲು ಮಕ್ಕಳಿಗೆ ಹೇಳಿ, ಒಂದು ಗಂಟೆ ನಿಮಗೆ ಆರಾಮು. ಕರ್ನಾಟಕದಲ್ಲಿ ಬೆಳೆಯುವ ಮಗುವಿಗೆ ಹೊಯ್ಸಳರನ್ನು ತೋರಿಸದೆ ಯಾವ ಇತಿಹಾಸ ಕಲಿಸುತ್ತೀರಿ? ಹಾಂ, ಪುರಾತತ್ವ ಇಲಾಖೆಯ ಜಾಗಗಳಲ್ಲಿ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ನಮ್ಮಂಥವರಿಗೆ ಇದು ದೊಡ್ಡ ಅನುಕೂಲ, ಯಾಕೆಂದರೆ ಬೇರೆ ಕೆಲವು ಕಡೆ ರಿಯಾಯಿತಿಗೆ ಶಾಲೆಯ ಲೆಟರ್‌ಹೆಡ್ ಕೇಳುತ್ತಾರೆ. ನಮ್ಮ ಹತ್ತಿರ ಎಲ್ಲಿರುತ್ತದೆ ಅದು?

ಲಾಲ್‌ಬಾಗ್‌ನ ಬಂಡೆಯ ಬಗ್ಗೆ ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಕೆಂಪೇಗೌಡರ ಗೋಪುರ ಇರುವ ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದ್ದಾರೆ. ಅಮೆರಿಕದಿಂದ ತರಿಸುವ ಕೆಲವು ಕ್ರೈಸ್ತ ಪಠ್ಯಗಳಲ್ಲಿ ಭೂಮಿಗೆ ಆರು ಸಾವಿರ, ಹತ್ತು ಸಾವಿರ ವರ್ಷ ಅಂತ ಬರೆದಿರುತ್ತಾರೆ. ಮಗು ಎರಡನ್ನೂ ಓದಿ ಯಾವುದು ಸರಿ ಅಂತ ಕೇಳೇ ಕೇಳುತ್ತದೆ. ನಮ್ಮ ಗುಂಪಿನಲ್ಲಿ ಇದರ ಬಗ್ಗೆ ಎಲ್ಲರಿಗೂ ಒಂದೇ ಅಭಿಪ್ರಾಯ ಇಲ್ಲ. ನಾನು 300 ಕೋಟಿಯನ್ನೇ ಹೇಳುತ್ತೇನೆ. ಅದನ್ನು ಹೇಗೆ ಕಂಡುಹಿಡಿಯುತ್ತಾರೆ, ಕಲ್ಲಿನೊಳಗಿನ ಯುರೇನಿಯಂ ನಿಧಾನವಾಗಿ ಸೀಸವಾಗುವುದನ್ನು ಅಳೆದು ಹೇಗೆ ಲೆಕ್ಕ ಹಾಕುತ್ತಾರೆ ಅಂತಲೂ ಹೇಳುತ್ತೇನೆ. ಪರ್ವತಗಳು ಹುಟ್ಟುವ ಮೊದಲೂ ನೀನು ದೇವರು ಅನ್ನುವ 90ನೇ ಕೀರ್ತನೆಯನ್ನು ಆ ಬಂಡೆಯ ಮೇಲೆ ಕೂತು ಓದಿದರೆ ನನ್ನ ನಂಬಿಕೆಗೆ ಏನೂ ಕಡಿಮೆಯಾಗುವುದಿಲ್ಲ. ನೀವು ಬೇರೆ ಥರ ನಂಬುವವರಾದರೂ ಒಂದು ಮಾಡಿ: ಮಗುವಿನ ಪ್ರಶ್ನೆಗೆ ‘ಶ್’ ಅನ್ನಬೇಡಿ. ಮನೆಯಲ್ಲಿ ಓದಿಸುವುದೇ ಪ್ರಶ್ನೆ ಕೇಳಲು ಟೈಮ್ ಇರಲಿ ಅಂತ ಅಲ್ವಾ?

ಹತ್ತಿರದ್ದು ಬೇಕೆಂದರೆ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ನನ್ನ ಮೆಚ್ಚಿನ ಜಾಗ. ಬೆಳಿಗ್ಗೆ ಬೇಗ ಹೋಗಬೇಕು. ರೈತರು ಗೂಡು ತಂದು ಸುರಿದಿರುತ್ತಾರೆ, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಕೈಯಲ್ಲಿ ತೆಗೆದು ಅಲ್ಲಾಡಿಸಿ ನೋಡುತ್ತಾರೆ, ಹರಾಜು ನಡೆಯುತ್ತದೆ. ಕೇಜಿಗೆ ಇಷ್ಟು ಅಂದರೆ ಈ ಲಾಟಿಗೆ ಎಷ್ಟಾಯಿತು ಅಂತ ಮಗ ಅಲ್ಲೇ ಗುಣಾಕಾರ ಮಾಡಿದ, ನಾನು ಹೇಳದೆ. ದುಡ್ಡು ಕಡಿಮೆ ಬಂತು ಅಂತ ಒಬ್ಬ ರೈತ ಸಪ್ಪಗೆ ಕೂತಿದ್ದರು. ಆ ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಮಗ ಅವರಿಗಾಗಿ ಪ್ರಾರ್ಥಿಸಿದ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ನೆಹರು ತಾರಾಲಯ, ಎಚ್‌ಎಎಲ್ ಮ್ಯೂಸಿಯಂ ನಿಮಗೆ ಗೊತ್ತೇ ಇರುತ್ತವೆ. ವಾರದ ಮಧ್ಯೆ ಹೋಗಿ, ಖಾಲಿ ಇರುತ್ತವೆ. ಕೌಂಟರಿನಲ್ಲಿ ‘ಇವತ್ತು ಸ್ಕೂಲ್ ಇಲ್ವಾ ಪುಟ್ಟಾ?’ ಅಂತ ಕೇಳುತ್ತಾರೆ. ಅದಕ್ಕೆ ಮಕ್ಕಳಿಗೆ ಒಂದು ಉತ್ತರ ಕಲಿಸಿಡಿ, ಇಲ್ಲದಿದ್ದರೆ ನಿಮ್ಮ ಮುಖ ನೋಡಿಕೊಂಡು ತಪ್ಪು ಮಾಡಿದವರ ಥರ ನಿಲ್ಲುತ್ತವೆ.

ಜೊತೆಗೆ ಯಾರು? ನಿಮ್ಮ ಸಭಾಪಾಲಕರನ್ನೇ ಕೇಳಿ. ಚರ್ಚ್ ಹಾಲ್ ವಾರದ ದಿನಗಳಲ್ಲಿ ಬೀಗ ಹಾಕಿಕೊಂಡೇ ಇರುತ್ತದೆ, ತಿಂಗಳಿಗೊಂದು ಬೆಳಿಗ್ಗೆ ಕೊಡಿ ಅಂದರೆ ಇಲ್ಲ ಅನ್ನುವುದು ಕಷ್ಟ. ತಾಯಂದಿರು ಒಂದು ಕಡೆ ಕೂತು ಪ್ರಾರ್ಥನೆ ಮಾಡಿ, ಮಕ್ಕಳು ಅಂಗಳದಲ್ಲಿ ಆಡಲಿ, ಮುಂದಿನ ಟ್ರಿಪ್ ಅಲ್ಲೇ ಗೊತ್ತು ಮಾಡಿ. ಮೂರು ಕುಟುಂಬ ಸಾಕು. ಜಾಸ್ತಿಯಾದರೆ ಬಸ್, ಊಟ, ಲೆಕ್ಕ ಅಂತ ಒಬ್ಬರ ತಲೆ ಮೇಲೆ ಬೀಳುತ್ತದೆ. ನಮ್ಮ ಜೊತೆ ಒಂದು ಹಿಂದೂ ಕುಟುಂಬವೂ ಬರುತ್ತದೆ, ಊಟದ ಮುಂಚೆ ನಾವು ಪ್ರಾರ್ಥನೆ ಮಾಡುವಾಗ ಅವರು ಸುಮ್ಮನೆ ಕಾಯುತ್ತಾರೆ. ಅವರ ಮಕ್ಕಳಿಂದ ನಮ್ಮ ಮಕ್ಕಳು ಚೆಸ್ ಕಲಿತರು. ಅಪ್ಪಂದಿರನ್ನೂ ಎಳೆದುಕೊಂಡು ಹೋಗಿ, ವರ್ಷಕ್ಕೆ ಒಂದೆರಡು ಸಲವಾದರೂ ರಜೆ ಹಾಕಲಿ.

ಹೋಗಿ ಬಂದ ಮೇಲೆ ವರದಿ ಬರೆ ಅಂತ ಕೂರಿಸಬೇಡಿ. ಅಲ್ಲಿಗೆ ಟ್ರಿಪ್‌ನ ಖುಷಿ ಮುಗಿಯಿತು. ಚಿತ್ರ ಬರೆಯಲಿ, ಅಜ್ಜಿಗೆ ಫೋನ್ ಮಾಡಿ ಹೇಳಲಿ, ಇಲ್ಲವೇ ಏನೂ ಮಾಡದೆ ಮಲಗಲಿ.

ಮಂಗಳೂರಿಗೆ ಈಗ ಮಳೆಗಾಲದಲ್ಲಿ ಹೊರಡಬೇಡಿ. ಘಾಟಿಯಲ್ಲಿ ರಸ್ತೆ, ರೈಲು ಎರಡೂ ಕೈಕೊಡುತ್ತವೆ. ಕ್ರಿಸ್ಮಸ್ ವಾರವೂ ಬೇಡ, ಎಲ್ಲ ಕಡೆ ಜನ. ಜನವರಿ ಎರಡನೇ ವಾರ ಚೆನ್ನಾಗಿರುತ್ತದೆ. ಅಲ್ಲಿಯವರೆಗೆ ಲಾಲ್‌ಬಾಗ್‌ನಿಂದ ಶುರು ಮಾಡಿ. ನೀವು ಯಾವ ಏರಿಯಾ, ಗಾಡಿ ಇದೆಯಾ ಅಂತ ಕೆಳಗೆ ಬರೆದರೆ ಹತ್ತಿರದ ಇನ್ನೊಂದೆರಡು ಜಾಗ ಹೇಳುತ್ತೇನೆ.