ಬೇಳೆ ಪ್ಯಾಕೆಟ್ಟಿನ ಗೆರೆಯನ್ನು ಸ್ಕ್ಯಾನರ್ ಯಾಕೆ ಓದುತ್ತಿಲ್ಲ?

ಪ್ರಶ್ನೆ: ಕಲಬುರಗಿಯ ದಾಲ್ ಮಿಲ್ ಒಂದಕ್ಕೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದಿದ್ದೇನೆ. ಒಂದು ಕಿಲೋ ತೊಗರಿ ಬೇಳೆ ಪ್ಯಾಕೆಟ್ಟಿನ ಇಎಎನ್-13 (ಅಂಗಡಿ ಮಾಲಿನ ಮೇಲಿರುವ 13 ಅಂಕಿಯ) ಬಾರ್‌ಕೋಡ್ ಅದರಲ್ಲೇ ತಯಾರಾಗುತ್ತದೆ. ಪರದೆಯ ಮೇಲಿದ್ದಾಗ ಮೊಬೈಲ್ ಓದುತ್ತದೆ. 203 ಡಿಪಿಐ ಲೇಬಲ್ ಪ್ರಿಂಟರಿನಲ್ಲಿ ತೆಗೆದದ್ದು ಮಾತ್ರ ಹತ್ತು ಸಲ ಹಿಡಿದರೆ ಎರಡು ಸಲ ಓದುತ್ತದೆ. ಕೆಲವು ಮಾಲಿಗೆ 13ರ ಬದಲು 14 ಅಂಕಿ ಬರುತ್ತಿದೆ. ತಪ್ಪು ಎಲ್ಲಿದೆ?

ಉತ್ತರ: ಇವು ಎರಡು ಬೇರೆ ಬೇರೆ ತಪ್ಪುಗಳು. 14 ಅಂಕಿಯದು ಕೊನೆಯ ತಾಳೆ ಅಂಕಿಯ, ಅಂದರೆ ಮೊದಲ 12 ಅಂಕಿ ಸರಿಯೇ ಎಂದು ನೋಡಲು ಸೇರಿಸುವ 13ನೆಯ ಅಂಕಿಯ, ಲೆಕ್ಕದ್ದು. 890123456789 ತಗೊಳ್ಳಿ. ಎಡದಿಂದ ಸಮಸ್ಥಾನದ ಅಂಕಿಗಳ ಮೊತ್ತ 34, ಮೂರರಿಂದ ಗುಣಿಸಿದರೆ 102. ಬೆಸಸ್ಥಾನದವು 28. ಒಟ್ಟು 130. ಹತ್ತರಿಂದ ಭಾಗಿಸಿದರೆ ಶೇಷ 0, ಹತ್ತರಲ್ಲಿ ಅದನ್ನು ಕಳೆದರೆ 10. ನಿಮ್ಮ ಪ್ರೋಗ್ರಾಮ್ ಆ 10ನ್ನೇ ತಂದು ಅಂಟಿಸುತ್ತಿದೆ. ಬಂದ ಉತ್ತರವನ್ನು ಇನ್ನೊಮ್ಮೆ ಹತ್ತರಿಂದ ಭಾಗಿಸಿ ಶೇಷ ಹಿಡಿಯಿರಿ, 0 ಬರುತ್ತದೆ.

ಓದದಿರುವುದಕ್ಕೆ ಕಾರಣ ಪ್ರಿಂಟರಿನ ಚುಕ್ಕಿ. 203 ಡಿಪಿಐ ಎಂದರೆ ಮಿಲಿಮೀಟರಿಗೆ 8 ಚುಕ್ಕಿ, ಒಂದೊಂದು 0.125 ಮಿಮೀ. ಇಎಎನ್-13ರ ಅತಿ ಸಣ್ಣ ಗೆರೆಯ ಮೂಲ ಅಳತೆ 0.33 ಮಿಮೀ, ಅಂದರೆ ಎರಡೂವರೆಗಿಂತ ತುಸು ಹೆಚ್ಚು ಚುಕ್ಕಿ. ಅರ್ಧ ಚುಕ್ಕಿಯನ್ನು ಯಾವ ಪ್ರಿಂಟರೂ ಮೂಡಿಸಲಾರದು. ಹಾಗಾಗಿ ಒಂದೇ ದಪ್ಪ ಇರಬೇಕಾದ ಗೆರೆಗಳಲ್ಲಿ ಕೆಲವು ಎರಡು, ಕೆಲವು ಮೂರು ಚುಕ್ಕಿಯಾಗುತ್ತವೆ. ಸ್ಕ್ಯಾನರ್ ನೋಡುವುದು ಗೆರೆ ಮತ್ತು ಸಂದುಗಳ ಅನುಪಾತವನ್ನು; ಅದು ಕೆಟ್ಟರೆ ಓದು ಮುಗಿಯಿತು.

ಸಣ್ಣ ಗೆರೆಗೆ ಪೂರ್ತಿ 3 ಚುಕ್ಕಿ ಕೊಡಿ, 0.375 ಮಿಮೀ. ಈ ಸಣ್ಣ ಗೆರೆಯ ಅಗಲವೇ ಒಂದು ಮನೆ; ಕೋಡ್ ಒಟ್ಟು 95 ಮನೆಯದು, ಎಡಕ್ಕೆ 11, ಬಲಕ್ಕೆ 7 ಮನೆ ಖಾಲಿ ಬಿಡಬೇಕು. ಎಲ್ಲ ಸೇರಿ 42.4 ಮಿಮೀ. ಆದ್ದರಿಂದ 50 ಮಿಮೀ ಅಗಲದ ಲೇಬಲ್ ತರಿಸಿ. ಜಾಗ ಸಾಲದೆಂದು 2 ಚುಕ್ಕಿಗೆ ಇಳಿಯಬೇಡಿ, ಅದು ಮೂಲ ಅಳತೆಯ ಅನುಮತಿಸಿದ 80 ಪ್ರತಿಶತಕ್ಕಿಂತ ಕೆಳಗೆ ಹೋಗುತ್ತದೆ. ಚಿತ್ರ ಕಳಿಸಿ ಡ್ರೈವರ್ ಕೈಯಲ್ಲಿ ಹಿಗ್ಗಿಸಿ ಕುಗ್ಗಿಸುವ ಬದಲು ಪ್ರಿಂಟರಿನದೇ ಬಾರ್‌ಕೋಡ್ ಕಮಾಂಡ್ ಬಳಸಿ. ಇಷ್ಟಾದ ಮೇಲೂ ಸಂದುಗಳು ಮುಚ್ಚಿಕೊಂಡರೆ ಪ್ರಿಂಟಿನ ಕಪ್ಪನ್ನು ಒಂದೆರಡು ಹಂತ ಇಳಿಸಿ.

ಕವರಿನ ಮೇಲೇ ಅಚ್ಚು ಹಾಕಿಸುವುದಾದರೆ ಕೆಂಪು ಗೆರೆ ಬೇಡವೇ ಬೇಡ: ಲೇಸರ್ ಸ್ಕ್ಯಾನರಿನ ಬೆಳಕೂ ಕೆಂಪು, ಅದಕ್ಕೆ ಕೆಂಪು ಗೆರೆ ಬಿಳಿಯಾಗಿಯೇ ಕಾಣುತ್ತದೆ. ಪಾರದರ್ಶಕ ಕವರಿಗೆ ಮೊದಲು ಬಿಳಿ ಪಟ್ಟಿ ಹಾಕಿಸಿ, ಅದರ ಮೇಲೆ ಕಪ್ಪು. ಹೊರಗಿನ ಅಂಗಡಿಗೆ ಹೋಗುವ ಮಾಲಿಗೆ 890ರಿಂದ ಶುರುವಾಗುವ ಸಂಖ್ಯೆಯನ್ನು ನೀವೇ ಹುಟ್ಟಿಸಬಾರದು, ಬಾರ್‌ಕೋಡ್ ಸಂಖ್ಯೆ ಹಂಚುವ ಸಂಸ್ಥೆ ಜಿಎಸ್1 ಇಂಡಿಯಾದಿಂದ ಪಡೆಯಬೇಕು. ಅಂಗಡಿಯೊಳಗೆ ತೂಗಿ ಕೊಡುವ ಬಿಡಿ ಬೇಳೆಗೆ 2ರಿಂದ ಶುರುವಾಗುವ ಸಂಖ್ಯೆ ಸಾಕು.

ಪ್ರಶ್ನೆ: ಬೀದರಿನಲ್ಲಿ ಬಿದ್ರಿ ಸಾಮಾನಿನ ಅಂಗಡಿ ನಮ್ಮದು. ಚಿಕ್ಕ ಟ್ಯಾಗಿನಲ್ಲಿ ಕೋಡ್ 128 (ಅಕ್ಷರ, ಅಂಕಿ ಎರಡನ್ನೂ ಇಡಬಲ್ಲ ಗೆರೆಯ ಕೋಡ್) ಹಿಡಿಸುತ್ತಿಲ್ಲ. ಕೆಲವೊಮ್ಮೆ ಸ್ಕ್ಯಾನ್ ಮಾಡಿದರೆ ಕನ್ನಡ ಅಕ್ಷರ ಬೀಳುತ್ತವೆ!

ಉತ್ತರ: ಇಂಗ್ಲಿಷ್ ಅಕ್ಷರ ಬಿಟ್ಟು ಬರೀ ಅಂಕಿ ಇಡಿ, ಅಂಕಿಗಳ ಎಣಿಕೆಯೂ ಸಮವಾಗಿರಲಿ. ಕೋಡ್ 128ರ ಸಿ ವಿಧ ಎರಡೆರಡು ಅಂಕಿಯನ್ನು ಒಂದೇ ಗುರುತಿನಲ್ಲಿ ಕಟ್ಟುತ್ತದೆ. ಅಕ್ಷರವಿರುವ 8 ಸ್ಥಾನಕ್ಕೆ 123 ಮನೆ ಬೇಕು, ಬರೀ 8 ಅಂಕಿಗೆ 79 ಸಾಕು. 2 ಚುಕ್ಕಿಯ ಲೆಕ್ಕದಲ್ಲಿ, ಎರಡೂ ಬದಿಗೆ ಹತ್ತು ಹತ್ತು ಮನೆ ಖಾಲಿ ಸೇರಿಸಿ, ಸುಮಾರು 25 ಮಿಮೀ. ಇಎಎನ್‌ನ 80 ಪ್ರತಿಶತದ ಕಟ್ಟು ಇಲ್ಲಿಗೆ ಅನ್ವಯಿಸದು. ಹೊಳೆಯುವ ಕಪ್ಪು ಲೋಹದ ಮೇಲೆ ನೇರ ಅಂಟಿಸದೆ ದಾರದಲ್ಲಿ ಕಟ್ಟಿ. ಅಂಟು ಉಳಿದರೆ ಕುಸುರಿಯ ಅಂದ ಕೆಡುತ್ತದೆ.

ಯುಎಸ್‌ಬಿ ಸ್ಕ್ಯಾನರ್ ಕಂಪ್ಯೂಟರಿಗೆ ಇನ್ನೊಂದು ಕೀಬೋರ್ಡ್ ಇದ್ದಂತೆ. ಕನ್ನಡ ಲೇಔಟ್ ಚಾಲೂ ಇದ್ದರೆ ಅದೂ ಕನ್ನಡದಲ್ಲೇ ಟೈಪ್ ಮಾಡುತ್ತದೆ. ಬಿಲ್ ತೆರೆಯುವ ಮುನ್ನ ಇಂಗ್ಲಿಷ್ ಲೇಔಟಿಗೆ ಬದಲಿಸಿ. ಡೇಟಾಬೇಸಿನಲ್ಲಿ ಕೋಡನ್ನು ಪಠ್ಯವಾಗಿಯೇ ಇಡಿ, ಸಂಖ್ಯೆಯಾಗಿ ಇಟ್ಟರೆ ಆರಂಭದ ಸೊನ್ನೆಗಳು ಹೋಗಿಬಿಡುತ್ತವೆ.

ಪ್ರಶ್ನೆ: ಯಾದಗಿರಿಯ ಗೋದಾಮಿನ ಚೀಲಗಳಿಗೆ ಕನ್ನಡ ಹೆಸರಿನ ಬಾರ್‌ಕೋಡ್ ಸಾಧ್ಯವೇ?

ಉತ್ತರ: ಗೆರೆಯ ಕೋಡಿನಲ್ಲಿ ಆಗದು, ಕ್ಯೂಆರ್‌ನಲ್ಲಿ ಆಗುತ್ತದೆ. ಪಠ್ಯವನ್ನು ಯುಟಿಎಫ್-8ರಲ್ಲಿ (ಎಲ್ಲ ಭಾಷೆಯ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಕೊಡಬೇಕು. ‘ತೊಗರಿ ಬೇಳೆ’ ಎಂಬುದಕ್ಕೇ 28 ಬೈಟ್ ಬೇಕು, ಪಠ್ಯ ಬೆಳೆದಂತೆ ಚೌಕಗಳು ಒತ್ತಾಗುತ್ತವೆ. ಚೀಲಕ್ಕೆ ಧೂಳು, ಉಜ್ಜಾಟ ತಪ್ಪಿದ್ದಲ್ಲ, ಆದ್ದರಿಂದ ದೋಷ ತಿದ್ದುವ ಮಟ್ಟವನ್ನು ಮೇಲಿನ ಎರಡು ಹಂತಗಳಾದ ಕ್ಯೂ ಅಥವಾ ಎಚ್‌ಗೆ ಇಡಿ, ಸುತ್ತ 4 ಚೌಕದಷ್ಟು ಬಿಳಿ ಬಿಡಿ. ಕೋಡಿನಲ್ಲಿ ಚೀಲದ ಸಂಖ್ಯೆ ಮಾತ್ರ ಇಟ್ಟು, ಹೆಸರನ್ನು ಪಕ್ಕದಲ್ಲಿ ದೊಡ್ಡದಾಗಿ ಅಚ್ಚು ಹಾಕಿದರೆ ಹಮಾಲರಿಗೂ ಅನುಕೂಲ.